ಪ್ಯಾಕೆಟ್ ಹಿಂದಿನ ಐಎನ್‌ಎಸ್ ನಂಬರ್‌ಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಬಿಸ್ಕತ್ತು, ಚಿಪ್ಸ್ ಪ್ಯಾಕೆಟ್ ಹಿಂದೆ ಇರುವ ಐಎನ್‌ಎಸ್ ನಂಬರ್ (ಆಹಾರಕ್ಕೆ ಸೇರಿಸುವ ಬಣ್ಣ, ಹುಳಿಯಂಥ ಪದಾರ್ಥಗಳಿಗೆ ಕೊಟ್ಟ ಅಂತರರಾಷ್ಟ್ರೀಯ ಸಂಖ್ಯೆ) ನೋಡಿ ಸುಮಾರು ಜನ ಗಾಬರಿಯಾಗಿ ಇಲ್ಲಿ ಕೇಳುತ್ತಿದ್ದೀರಿ. ನಂಬರ್ ಇದ್ದ ಮಾತ್ರಕ್ಕೆ ವಿಷ ಅಲ್ಲ. 500(ii) ಅಂದರೆ ನಾವು ಇಡ್ಲಿ, ಬೋಂಡಾಗೆ ಹಾಕುವ ಅಡುಗೆ ಸೋಡಾ. 330 ಸಿಟ್ರಿಕ್ ಆಸಿಡ್, ನಿಂಬೆಹಣ್ಣಿನ ಹುಳಿ. 322 ಲೆಸಿಥಿನ್, ಎಣ್ಣೆ ನೀರು ಬೆರೆಯಲು ಹಾಕುವ ಪದಾರ್ಥ, ಹೆಚ್ಚಾಗಿ ಸೋಯಾದಿಂದ ಬರುತ್ತದೆ. ಸೋಯಾ ಅಲರ್ಜಿ ಇರುವವರು ಇದನ್ನು ಗಮನಿಸಿ. 102 ಅನ್ನುವುದು ಹಳದಿ ಬಣ್ಣ, ಟಾರ್ಟ್ರಜಿನ್. ಕೆಲವರಿಗೆ ಇದರಿಂದ ಮೈ ಕಡಿತ, ದದ್ದು ಬರಬಹುದು.

ನನ್ನ ಪ್ರಕಾರ ನಂಬರ್‌ಗಿಂತ ಮುಖ್ಯವಾದದ್ದು ಪದಾರ್ಥಗಳ ಪಟ್ಟಿಯ ಮೊದಲ ಮೂರು ಹೆಸರು. ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಅನ್ನೋದು ನಿಯಮ. ಮುಂದೆ ದೊಡ್ಡದಾಗಿ 'ರಾಗಿ' ಅಂತ ಇದ್ದರೂ, ಹಿಂದೆ ರಿಫೈನ್ಡ್ ವೀಟ್ ಫ್ಲೋರ್ (ಅಂದರೆ ಮೈದಾ), ಸಕ್ಕರೆ, ಪಾಮ್ ಎಣ್ಣೆ ಆದ ಮೇಲೆ ರಾಗಿ ಬಂದರೆ, ಅದು ಮೈದಾ ಬಿಸ್ಕತ್ತೇ ಅಲ್ವಾ? ರಾಗಿ ಎಷ್ಟು ಶೇಕಡಾ ಅಂತ ಅಲ್ಲೇ ಪಕ್ಕದಲ್ಲಿ ಇರುತ್ತದೆ, ನೋಡಿ.

ಸಕ್ಕರೆ ಕಾಯಿಲೆ ಇರುವವರು ಮಾಲ್ಟೋಡೆಕ್ಸ್ಟ್ರಿನ್ (ಪಿಷ್ಟದಿಂದ ಮಾಡುವ ಬಿಳಿ ಪುಡಿ) ಹೆಸರನ್ನೂ ಹುಡುಕಿ. ಸಿಹಿ ಅಷ್ಟಾಗಿ ಗೊತ್ತಾಗಲ್ಲ, ಆದರೆ ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸುತ್ತದೆ.

ಸಂಶಯ ಇದ್ದರೆ ಪ್ಯಾಕೆಟ್ಟಿನ ಹಿಂಭಾಗದ ಫೋಟೋ ಹಾಕಿ, ಅಕ್ಷರ ಓದುವ ಹಾಗಿರಲಿ. ಎಲ್ಲಿಂದಲೋ ಬಂದ ಫಾರ್ವರ್ಡ್ ಮಾತ್ರ ದಯವಿಟ್ಟು ಬೇಡ.