ಸರಬರಾಜುದಾರ ಬರೆದ ಎಚ್‌ಎಸ್‌ ಕೋಡ್‌ ನಂಬಿ ಆಮದು ಸುಂಕ ಕಟ್ಟಬೇಡಿ

ಮಾನ್ಯ ಸಂಪಾದಕರೇ,

ಬಳ್ಳಾರಿಯ ಜೀನ್ಸ್ ಘಟಕಗಳೂ ಸಿರುಗುಪ್ಪ, ಗಂಗಾವತಿ, ಸಿಂಧನೂರು ಭಾಗದ ಅಕ್ಕಿ ಗಿರಣಿಗಳೂ ಯಂತ್ರ, ಬಿಡಿಭಾಗ, ಹೊಲಿಗೆ ಸಾಮಗ್ರಿಗಳನ್ನು ದೊಡ್ಡ ನಗರಗಳ ವ್ಯಾಪಾರಿಗಳ ಕೈಯಿಂದ ಕೊಳ್ಳುವ ಬದಲು ತಾವೇ ನೇರವಾಗಿ ವಿದೇಶದಿಂದ ತರಿಸಿಕೊಳ್ಳಲು ಮುಂದಾಗುತ್ತಿರುವುದು ಸಂತೋಷದ ಸಂಗತಿ. ಆದರೆ ಇಂಥ ಘಟಕಗಳ ಲೆಕ್ಕಪತ್ರ ನೋಡುವ ನನಗೆ ಒಂದು ರೂಢಿ ತೀರಾ ಕಳವಳ ತಂದಿದೆ. ಸರಕಿಗೆ ಯಾವ ದರದಲ್ಲಿ ಸುಂಕ ಬೀಳುತ್ತದೆ ಎಂಬುದನ್ನು ನಿರ್ಧರಿಸುವ ಎಂಟು ಅಂಕಿಗಳ ವರ್ಗೀಕರಣ ಸಂಖ್ಯೆಯನ್ನು, ಅಂದರೆ ಎಚ್‌ಎಸ್‌ ಕೋಡನ್ನು, ನಮ್ಮವರು ವಿದೇಶಿ ಮಾರಾಟಗಾರನ ಇನ್‌ವಾಯ್ಸ್‌ನಿಂದ ಎತ್ತಿಕೊಂಡು, ಅದನ್ನೇ ಬಿಲ್ ಆಫ್ ಎಂಟ್ರಿಯಲ್ಲಿ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆಯಲ್ಲಿ) ನಮೂದಿಸಲು ಕಸ್ಟಮ್ಸ್ ಬ್ರೋಕರ್‌ಗೆ ಹೇಳಿಬಿಡುತ್ತಾರೆ. ಸರಕು ಬಂದರಿನಿಂದ ಬಿಡುಗಡೆಯಾಯಿತೆಂದರೆ ಎಲ್ಲವೂ ಸರಿಯಿತ್ತೆಂದೇ ಭಾವಿಸುತ್ತಾರೆ. ಒಂದೂವರೆ ವರ್ಷದ ಮೇಲೆ ವ್ಯತ್ಯಾಸದ ಸುಂಕ ಕೇಳುವ ನೋಟಿಸ್ ಬಂದಾಗಲೇ ಆ ಕೋಡ್ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ.

2011ರ ಏಪ್ರಿಲ್‌ನಿಂದ ಕಸ್ಟಮ್ಸ್ ಕಾಯ್ದೆಯ 17ನೇ ಸೆಕ್ಷನ್ ಅಡಿ ಸುಂಕವನ್ನು ಮೊದಲು ಲೆಕ್ಕ ಹಾಕಬೇಕಾದವರು ಆಮದುದಾರರೇ. ಅಧಿಕಾರಿ ಅದನ್ನು ಪರಿಶೀಲಿಸಬಹುದು, ಒಪ್ಪದಿದ್ದರೆ ಮರು ನಿರ್ಧರಿಸಬಹುದು. ಸರಬರಾಜುದಾರ ತನ್ನ ದೇಶದಲ್ಲಿ ರಫ್ತು ಘೋಷಣೆ ಮಾಡಲು ಬರೆದುಕೊಂಡ ಸಂಖ್ಯೆಗೆ ನಮ್ಮ ಕಾಯ್ದೆಯಡಿ ಯಾವ ಬೆಲೆಯೂ ಇಲ್ಲ. 1988ರ ಜನವರಿಯಲ್ಲಿ ಜಾರಿಗೆ ಬಂದ ‘ಹಾರ್ಮೊನೈಸ್ಡ್ ಸಿಸ್ಟಂ’ (ಎಚ್‌ಎಸ್‌) ಎಂಬ ಅಂತರರಾಷ್ಟ್ರೀಯ ಸರಕು ವರ್ಗೀಕರಣ ಪದ್ಧತಿಯಲ್ಲಿ ಮೊದಲ ಆರು ಅಂಕಿಗಳು ಮಾತ್ರ ಎಲ್ಲ ಸದಸ್ಯ ದೇಶಗಳಿಗೂ ಸಮಾನ. ಕೊನೆಯ ಎರಡು ಅಂಕಿಗಳು ನಮ್ಮ ದೇಶದವು, ಅವನ್ನು ನಮ್ಮ ದರಪಟ್ಟಿಯನ್ನು ನೋಡಿಯೇ ಗೊತ್ತುಮಾಡಿಕೊಳ್ಳಬೇಕು. ಮೊದಲ ಆರನ್ನಾದರೂ ಮಾರಾಟಗಾರ ಸರಿಯಾಗಿ ಬರೆದಿದ್ದಾನೆಯೇ ಎಂದು ನೋಡುವ ಹೊಣೆಯೂ ನಮ್ಮದೇ.

ಕೌಲ್ ಬಜಾರಿನಲ್ಲಾಗಲಿ ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಾಗಲಿ ಒಂದು ಜೀನ್ಸ್ ಘಟಕಕ್ಕೆ ಬರುವ ಪರಿಕರಗಳ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಇನ್‌ವಾಯ್ಸ್‌ನಲ್ಲಿ ‘ಗಾರ್ಮೆಂಟ್ ಆಕ್ಸೆಸರೀಸ್’ ಎಂಬ ಒಂದೇ ಸಾಲು, ಒಂದೇ ಕೋಡ್ ಇರುತ್ತದೆ. ಪೆಟ್ಟಿಗೆಯೊಳಗೆ ಸೊಂಟದ ಬಳಿ ಹಾಕುವ ಲೋಹದ ಗುಂಡಿ ಇದೆ, ಅದು 9606ನೇ ಶೀರ್ಷಿಕೆಗೆ ಸೇರುತ್ತದೆ (ಕೋಡಿನ ಮೊದಲ ಎರಡು ಅಂಕಿಗಳು ದರಪಟ್ಟಿಯ ಅಧ್ಯಾಯವನ್ನೂ ಮೊದಲ ನಾಲ್ಕು ಅಂಕಿಗಳು ಶೀರ್ಷಿಕೆಯನ್ನೂ ಸೂಚಿಸುತ್ತವೆ). ಲೋಹದ ಹಲ್ಲುಗಳಿರುವ ಜಿಪ್ 9607ಕ್ಕೆ ಹೋಗುತ್ತದೆ. ಜೇಬಿನ ಮೂಲೆಗೆ ಹೊಡೆಯುವ ಕೊಳವೆಯಾಕಾರದ ರಿವೆಟ್ಟೂ ಗುಂಡಿಯ ಹಾಗೆಯೇ ಲೋಹದ್ದು, ಅದೇ ಪ್ಯಾಂಟಿಗೆ ಬಳಕೆಯಾಗುವಂಥದ್ದು, ಆದರೂ ಅದರ ಜಾಗ 8308. ಒಳಗೆ ಹೊಲಿಯುವ ನೇಯ್ದ ಲೇಬಲ್ ಜವಳಿ ವಿಭಾಗದ 5807ರಲ್ಲಿದೆ. ಒಂದೇ ಪ್ಯಾಂಟಿನ ನಾಲ್ಕು ಸಾಮಗ್ರಿಗಳು ದರಪಟ್ಟಿಯ ಮೂರು ಅಧ್ಯಾಯಗಳಲ್ಲಿ ಹಂಚಿಹೋಗಿವೆ. ಇವೆಲ್ಲವೂ ಜೀನ್ಸ್‌ಗೆ ಬೇಕಾದವು ಎಂಬ ಒಂದೇ ಕಾರಣಕ್ಕೆ ಒಟ್ಟಿಗೆ ಸೇರಿಸಲು ಕಾನೂನು ಅವಕಾಶ ಕೊಡುವುದಿಲ್ಲ. ಶೀರ್ಷಿಕೆಯ ಪಠ್ಯವೇ ಬಳಕೆಯನ್ನು ಹೆಸರಿಸಿದ ಹೊರತು, ಸರಕನ್ನು ಯಾವುದಕ್ಕೆ ಬಳಸುತ್ತೇವೆ ಎಂಬುದು ಸಾಮಾನ್ಯವಾಗಿ ವರ್ಗೀಕರಣದ ಮಾನದಂಡ ಆಗುವುದಿಲ್ಲ.

ಹಾಗಾದರೆ ಮಾನದಂಡ ಯಾವುದು? 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಅನುಸೂಚಿಯ ಆರಂಭದಲ್ಲೇ ಅದಕ್ಕೆ ಆರು ನಿಯಮಗಳಿವೆ, ಅವನ್ನು ಕ್ರಮವಾಗಿಯೇ ಅನ್ವಯಿಸಬೇಕು. ವಿಭಾಗ ಮತ್ತು ಅಧ್ಯಾಯಗಳ ಹೆಸರುಗಳು ಹುಡುಕುವ ಅನುಕೂಲಕ್ಕೆ ಮಾತ್ರ ಇವೆ, ವರ್ಗೀಕರಣ ನಡೆಯಬೇಕಾದದ್ದು ಶೀರ್ಷಿಕೆಗಳ ಪಠ್ಯ ಮತ್ತು ವಿಭಾಗ, ಅಧ್ಯಾಯಗಳ ಟಿಪ್ಪಣಿಗಳ ಪ್ರಕಾರ ಎಂದು ಮೊದಲ ನಿಯಮವೇ ಹೇಳುತ್ತದೆ. ಬಹುತೇಕ ತಪ್ಪುಗಳು ನಡೆಯುವುದು ಈ ಟಿಪ್ಪಣಿಗಳನ್ನು ಓದದೆ ಮುಂದೆ ಹೋಗುವುದರಿಂದ. ಸರಕಿನ ‘ಮೂಲ ಸ್ವರೂಪ’ ಯಾವುದು ಎಂಬ ವಾದವನ್ನು ಜನ ಮೊದಲ ಹೆಜ್ಜೆಯಲ್ಲೇ ಎತ್ತುತ್ತಾರೆ. ಅದು ಮೂರನೇ ನಿಯಮದ ಎರಡನೇ ಭಾಗ. ಒಂದಕ್ಕಿಂತ ಹೆಚ್ಚು ಶೀರ್ಷಿಕೆಗಳು ಮೇಲ್ನೋಟಕ್ಕೆ ಹೊಂದಿ, ಹೆಚ್ಚು ನಿರ್ದಿಷ್ಟವಾದದ್ದು ಯಾವುದೆಂದು ಗೊತ್ತುಮಾಡಲು ಆಗದಿದ್ದಾಗ ಮಾತ್ರ ಅದರ ಸರದಿ ಬರುತ್ತದೆ.

ಟಿಪ್ಪಣಿಗಳ ಮಹತ್ವ ಅತಿ ಹೆಚ್ಚಾಗಿ ಗೊತ್ತಾಗುವುದು ಬಿಡಿಭಾಗಗಳ ವಿಷಯದಲ್ಲಿ. ಅಕ್ಕಿ ಗಿರಣಿಯ ಕಲರ್ ಸಾರ್ಟರ್ ಯಂತ್ರದಲ್ಲಿ ಕ್ಯಾಮೆರಾ, ಎಲೆಕ್ಟ್ರಾನಿಕ್ ಬೋರ್ಡುಗಳು ಎಷ್ಟೇ ಇರಲಿ, ಅದು ಮಾಡುವ ಕೆಲಸ ಧಾನ್ಯವನ್ನು ವಿಂಗಡಿಸುವುದು, ಆದ್ದರಿಂದ ಅದರ ಜಾಗ 8437. ಆದರೆ ಆರು ತಿಂಗಳ ನಂತರ ಅದೇ ಯಂತ್ರಕ್ಕೆ ಬಿಡಿಯಾಗಿ ತರಿಸಿದ, ಕಪ್ಪು ಅಕ್ಕಿಕಾಳನ್ನು ಗಾಳಿಯಿಂದ ಹೊರಗೆ ಊದುವ ಪುಟ್ಟ ವಾಲ್ವ್‌ಗಳನ್ನು ಕೂಡ ‘8437ರ ಭಾಗ’ ಎಂದು ಬರೆದರೆ ತಪ್ಪಾಗುತ್ತದೆ. ಹದಿನಾರನೇ ವಿಭಾಗದ ಎರಡನೇ ಟಿಪ್ಪಣಿಯ ಪ್ರಕಾರ, 84 ಮತ್ತು 85ನೇ ಅಧ್ಯಾಯಗಳಲ್ಲಿ ತನ್ನದೇ ಶೀರ್ಷಿಕೆ ಹೊಂದಿರುವ ಭಾಗ ಯಾವ ಯಂತ್ರಕ್ಕೆ ಹೋಗಲಿ, ತನ್ನ ಶೀರ್ಷಿಕೆಯಲ್ಲೇ ಉಳಿಯುತ್ತದೆ. ಹೀಗಾಗಿ ವಾಲ್ವ್ 8481ಕ್ಕೆ ಸೇರುತ್ತದೆ. ಆ ಯಂತ್ರಕ್ಕೆಂದೇ ರೂಪಿಸಿದ, ಬೇರೆಡೆ ಹೆಸರಿಲ್ಲದ ಕಾಳು ಇಳಿಯುವ ದೋಣಿಯಂಥ ಭಾಗ ಮಾತ್ರ 8437 90ಕ್ಕೆ ಬರುತ್ತದೆ. ಹೊಲಿಗೆ ಯಂತ್ರಕ್ಕೂ ಇದೇ ನಿಯಮ: ಬಿಡಿಯಾಗಿ ಬಂದ ಮೋಟಾರು 8501. ಸಾಮಾನ್ಯ ಸ್ಕ್ರೂ ಅದೇ ವಿಭಾಗದ ಮೊದಲ ಟಿಪ್ಪಣಿಯ ಪ್ರಕಾರ ಹೊರಗುಳಿದು 7318ಕ್ಕೆ ಹೋಗುತ್ತದೆ. ಅದಕ್ಕೆಂದೇ ವಿಶೇಷವಾಗಿ ಮಾಡಿದ ಮೇಜು ಮಾತ್ರ ಪೀಠೋಪಕರಣಗಳ ಅಧ್ಯಾಯಕ್ಕೆ ಹೋಗದೆ 8452ರಲ್ಲೇ ಇರುತ್ತದೆ, ಏಕೆಂದರೆ ಆ ಶೀರ್ಷಿಕೆಯ ಪಠ್ಯದಲ್ಲೇ ಅದನ್ನು ಹೆಸರಿಸಲಾಗಿದೆ.

ಇದು ಸಣ್ಣವರಷ್ಟೇ ಎಡವುವ ಜಾಗ ಎಂದು ಯಾರೂ ತಿಳಿಯಬಾರದು. 2012ರ ಬಜೆಟ್ ‘ಸ್ಟೀಮ್ ಕೋಲ್’ ಎಂಬ ಬಗೆಯ ಕಲ್ಲಿದ್ದಲಿಗೆ ಮೂಲ ಸುಂಕದಿಂದ ವಿನಾಯಿತಿ ಕೊಟ್ಟಿತು, ಬಿಟುಮಿನಸ್ ಕಲ್ಲಿದ್ದಲಿಗೆ ಶೇ 5ರ ಸುಂಕ ಉಳಿಯಿತು. ಬಿಟುಮಿನಸ್ ಎಂದರೇನು ಎಂಬುದಕ್ಕೆ 27ನೇ ಅಧ್ಯಾಯದ ಉಪಶೀರ್ಷಿಕೆ ಟಿಪ್ಪಣಿ ಅಳತೆ ಕೊಟ್ಟಿದೆ: ಆವಿಯಾಗುವ ಅಂಶ ಶೇ 14ಕ್ಕಿಂತ ಹೆಚ್ಚು, ಶಾಖ ಮೌಲ್ಯ ಕೆ.ಜಿ.ಗೆ 5,833 ಕಿಲೋ ಕ್ಯಾಲೊರಿ ಅಥವಾ ಅದಕ್ಕೂ ಮೇಲೆ ಇರಬೇಕು. ಸ್ಟೀಮ್ ಕೋಲ್‌ಗೆ ಅಂಥ ವ್ಯಾಖ್ಯೆ ಇಲ್ಲ. ವ್ಯಾಪಾರದಲ್ಲಿ ಸ್ಟೀಮ್ ಕೋಲ್ ಎಂದೇ ಕರೆಯುವ ಸರಕು ಪ್ರಯೋಗಾಲಯದ ವರದಿಯಲ್ಲಿ ಬಿಟುಮಿನಸ್ ಅಳತೆಗೆ ಸಿಕ್ಕಿದ್ದರಿಂದ ದೊಡ್ಡ ದೊಡ್ಡ ಆಮದುದಾರರೂ ನೋಟಿಸ್ ಎದುರಿಸಿ ನ್ಯಾಯಮಂಡಳಿಯ ಮೆಟ್ಟಿಲೇರಬೇಕಾಯಿತು. 2013ರ ಬಜೆಟ್‌ನಲ್ಲಿ ಎರಡಕ್ಕೂ ಶೇ 2ರ ಸಮಾನ ಸುಂಕ ವಿಧಿಸಿದ ಮೇಲೆ ಹೊಸ ವಿವಾದ ನಿಂತಿತು, ಹಳೆಯ ಪ್ರಕರಣಗಳು ನಿಲ್ಲಲಿಲ್ಲ. ಬಳ್ಳಾರಿ, ಕೊಪ್ಪಳಗಳ ಸ್ಪಾಂಜ್ ಐರನ್ ಕಾರ್ಖಾನೆಗಳಿಗೆ ವಿದೇಶಿ ಕಲ್ಲಿದ್ದಲು ಬರುವುದರಿಂದ ನಮ್ಮ ಭಾಗದ ಉದ್ಯಮಿಗಳು ಈ ಪ್ರಕರಣವನ್ನು ಮರೆಯಬಾರದು.

ತಪ್ಪು ಕೋಡ್‌ನಿಂದ ಸುಂಕ ಕಡಿಮೆ ಬಿದ್ದಿದ್ದರೆ ಇಲಾಖೆ ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ನೋಟಿಸ್ ಕೊಡಬಹುದು. ಉದ್ದೇಶಪೂರ್ವಕವಾಗಿ ಸುಳ್ಳು ಹೇಳಿದ್ದಾರೆ, ಮಾಹಿತಿ ಮುಚ್ಚಿಟ್ಟಿದ್ದಾರೆ ಎಂಬ ಆರೋಪವಿದ್ದರೆ ಆ ಅವಧಿ ಐದು ವರ್ಷಕ್ಕೆ ಹಿಗ್ಗುತ್ತದೆ, ದಂಡವೂ ಸೇರಿಕೊಳ್ಳುತ್ತದೆ. ಬಡ್ಡಿ ವರ್ಷಕ್ಕೆ ಶೇ 15. ಅಷ್ಟರಲ್ಲಿ ಆ ಗುಂಡಿ, ಜಿಪ್ ಹಾಕಿದ ಪ್ಯಾಂಟುಗಳು ಹಳೆಯ ಬೆಲೆಗೆ ಮಾರಾಟವಾಗಿ ಹೋಗಿರುತ್ತವೆ, ವ್ಯತ್ಯಾಸವನ್ನು ಯಾವ ಗಿರಾಕಿಯಿಂದಲೂ ವಸೂಲು ಮಾಡುವಂತಿಲ್ಲ. ಆದ್ದರಿಂದ ನಾನು ಎಲ್ಲರಿಗೂ ಮೊದಲು ಹೇಳುವುದು ಸರಕಿನ ವಿವರಣೆಯನ್ನು ಪೂರ್ತಿಯಾಗಿ, ನಿಜವಾಗಿ ಬರೆಯಿರಿ ಎಂದು: ಯಾವ ಲೋಹ, ಯಾವ ಕೆಲಸ, ಬಿಡಿಯೋ ಜೋಡಣೆಯೋ, ಎಲ್ಲವನ್ನೂ. ಸರಕಿನ ವಿವರ ಸರಿಯಿದ್ದು ಆಮದುದಾರ ತನ್ನ ತಿಳಿವಳಿಕೆಯಂತೆ ಒಂದು ವರ್ಗೀಕರಣವನ್ನೋ ವಿನಾಯಿತಿಯನ್ನೋ ಕೋರಿದರೆ ಅಷ್ಟರಿಂದಲೇ ಅದು ಸುಳ್ಳು ಘೋಷಣೆ ಆಗದು ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ನಾರ್ದರ್ನ್ ಪ್ಲಾಸ್ಟಿಕ್ ಪ್ರಕರಣದಲ್ಲಿ ಹೇಳಿದೆ. ‘ಗಾರ್ಮೆಂಟ್ ಆಕ್ಸೆಸರೀಸ್’ ಎಂಬ ಒಂದು ಸಾಲು ಬರೆದವರಿಗೆ ಈ ರಕ್ಷಣೆ ಕೋರುವುದು ಕಷ್ಟ.

ಸಂಶಯವಿದ್ದಾಗ ಕಾನೂನಿನಲ್ಲೇ ದಾರಿಗಳಿವೆ. ಸರಕು ಬಂದ ಮೇಲೆ ಸಂಶಯ ಎದ್ದರೆ 18ನೇ ಸೆಕ್ಷನ್ ಅಡಿ ಸುಂಕದ ತಾತ್ಕಾಲಿಕ ನಿರ್ಧಾರ ಕೋರಿ ಲಿಖಿತವಾಗಿ ಕೇಳಬಹುದು. ಸರಕು ತರಿಸುವ ಮೊದಲೇ ಆದರೆ ದೆಹಲಿ ಮತ್ತು ಮುಂಬೈಗಳಲ್ಲಿರುವ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಕ್ಕೆ 10,000 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಮೂರು ತಿಂಗಳಲ್ಲಿ ತೀರ್ಪು ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಆ ತೀರ್ಪು ಅರ್ಜಿದಾರರಿಗೂ ಸಂಬಂಧಪಟ್ಟ ಕಮಿಷನರ್‌ಗೂ ಬದ್ಧ, ಕಾನೂನೋ ಸಂಗತಿಯೋ ಬದಲಾಗದಿದ್ದರೆ ಕಾಯ್ದೆ ಹೇಳಿದ ಅವಧಿಯವರೆಗೆ ಉಳಿಯುತ್ತದೆ. ಡೆನಿಮ್ ಬಟ್ಟೆಯ ಮೇಲೆ ಬಣ್ಣ ಮಾಸಿಸುವ ಲೇಸರ್ ಯಂತ್ರವನ್ನೇ ತೆಗೆದುಕೊಳ್ಳಿ. ಅದನ್ನು ಲೇಸರ್ ಯಂತ್ರೋಪಕರಣಗಳ 8456ರಲ್ಲಿಡಬೇಕೋ, ಜವಳಿ ಸಂಸ್ಕರಣೆಯ 8451ರಲ್ಲಿಡಬೇಕೋ ಎಂಬುದಕ್ಕೆ ಎರಡೂ ಕಡೆ ವಾದವಿದೆ. ಲಕ್ಷಗಟ್ಟಲೆ ಸಾಲ ಮಾಡಿ ಅಂಥ ಯಂತ್ರ ತರಿಸುವವರಿಗೆ ಈ ಶುಲ್ಕ ದೊಡ್ಡದಲ್ಲ.

ಆದರೆ ಬಳ್ಳಾರಿಯ ಹತ್ತು ಯಂತ್ರಗಳ ಘಟಕದ ಮಾಲೀಕರು ಇಂಗ್ಲಿಷಿನ ದಪ್ಪ ದರಪಟ್ಟಿಯನ್ನು ತಾವೇ ಓದಿ ಮುಂಬೈಗೆ ಅರ್ಜಿ ಬರೆಯುತ್ತಾರೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಹೊಣೆಯನ್ನು ಆಮದುದಾರರ ಮೇಲೆ ಹೊರಿಸಿದ ಸರ್ಕಾರ ಅದನ್ನು ಹೊರಲು ಬೇಕಾದ ತಿಳಿವಳಿಕೆಯನ್ನೂ ಅವರ ಭಾಷೆಯಲ್ಲಿ ಕೊಡಬೇಕು. ಆರು ನಿಯಮಗಳು, ಹದಿನಾರನೇ ವಿಭಾಗದ ಟಿಪ್ಪಣಿಗಳು, 84, 85 ಮತ್ತು 96ನೇ ಅಧ್ಯಾಯಗಳ ಟಿಪ್ಪಣಿಗಳು, ಇಷ್ಟನ್ನು ಮಾತ್ರ ಕನ್ನಡದಲ್ಲಿ ಮುದ್ರಿಸಿದರೂ ನಮ್ಮ ಭಾಗದ ಬಹುಪಾಲು ಘಟಕಗಳ ಅಗತ್ಯ ಪೂರೈಸುತ್ತದೆ. ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಇಲ್ಲಿನ ವಾಣಿಜ್ಯ ಸಂಸ್ಥೆಗಳು ಕಸ್ಟಮ್ಸ್ ಅಧಿಕಾರಿಗಳನ್ನು ಕರೆಸಿ, ಉದ್ಯಮಿಗಳು ತಮ್ಮ ಸರಕಿನ ಮಾದರಿ, ಕ್ಯಾಟಲಾಗ್ ಹಿಡಿದು ಬಂದು ಪ್ರಶ್ನೆ ಕೇಳುವಂಥ ಶಿಬಿರವನ್ನು ಬಳ್ಳಾರಿಯಲ್ಲೂ ಗಂಗಾವತಿಯಲ್ಲೂ ಏರ್ಪಡಿಸಬೇಕು. ಅಂತರರಾಷ್ಟ್ರೀಯ ಪದ್ಧತಿಯ ಮುಂದಿನ ಪರಿಷ್ಕರಣೆ 2028ರ ಜನವರಿಯಿಂದ ಜಾರಿಗೆ ಬರಲಿದ್ದು, ಆಗ ಹಲವು ಕೋಡ್‌ಗಳು ಬದಲಾಗುವುದರಿಂದ ಈ ಕೆಲಸವನ್ನು ಅದಕ್ಕೆ ಮೊದಲೇ ಮುಗಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಒಬ್ಬ ತೆರಿಗೆ ಸಲಹೆಗಾರ, ಬಳ್ಳಾರಿ