ಕಾಲು ಹಿಡಿದು ನಿಂತವರಿಗೆ

ಕಳೆದ ಶನಿವಾರ ಕುಮಟಾದಲ್ಲಿ ಎಲುಬಿನ ಡಾಕ್ಟರಾಗಿ ನನ್ನ ಕೊನೆಯ ಆಪರೇಷನ್ ಮುಗಿಯಿತು, ಇನ್ನು ನಿವೃತ್ತಿ. ಅಜ್ಜಿಯೊಬ್ಬರ ಸೊಂಟದ ಕೀಲು. ಮರುದಿನವೇ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದರು. ಅವತ್ತಿನಿಂದ ಫೋನು, ಮೆಸೇಜು, ಗೋಕರ್ಣದ ಪ್ರಸಾದ ಎಲ್ಲ ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯಲು ಆಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜಾಸ್ತಿ ಜನ ಬರೆದದ್ದು ನನ್ನ ಕೈಗುಣದ ಬಗ್ಗೆ. ಆದರೆ ಎಲುಬಿನ ಕೆಲಸ ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ತೊಡೆ ಮುರಿದಾಗ ಅಲ್ಲಿನ ಸ್ನಾಯುಗಳು ಎಲುಬಿನ ತುಂಡುಗಳನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತವೆ. ಯಾರಾದರೂ ಪಾದ ಹಿಡಿದು, ಬಿಡದೆ ಕೆಳಕ್ಕೆ ಎಳೆದು ನಿಲ್ಲಬೇಕು. ಅವರು ಸಡಿಲ ಬಿಟ್ಟರೆ ನನ್ನ ಪ್ಲೇಟು, ಸ್ಕ್ರೂ ಯಾವುದೂ ಪ್ರಯೋಜನಕ್ಕಿಲ್ಲ. ಇಷ್ಟು ವರ್ಷ ನನ್ನ ಜೊತೆ ಹಾಗೆ ನಿಂತವರು ನಮ್ಮ ಆಪರೇಷನ್ ಥಿಯೇಟರಿನ ಸಿಸ್ಟರ್. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಒಂದು ಮಳೆಗಾಲದ ರಾತ್ರಿಯ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಶಿರೂರಿನಲ್ಲಿ ಗುಡ್ಡ ಕುಸಿದ 2024ಕ್ಕಿಂತ ಎಷ್ಟೋ ಹಿಂದಿನ ಮಾತು. 108 ಕೂಡ ಇರಲಿಲ್ಲ, ಅದು ಬಂದದ್ದು 2008ರಲ್ಲಿ. ಹೆದ್ದಾರಿಯೂ ಬಂದ್, ಶಿರಸಿ ಕಡೆಯ ದೇವಿಮನೆ ಘಾಟಿಯೂ ಬಂದ್. ಮಂಗಳೂರಿಗೂ ಕಳಿಸುವ ಹಾಗಿಲ್ಲ, ಹುಬ್ಬಳ್ಳಿಗೂ ಇಲ್ಲ. ಪೆಟ್ಟಾಗಿ ಜೀಪಿನಲ್ಲಿ ತಂದ ಅಪ್ಪ, ಮಗ ಇಬ್ಬರನ್ನೂ ನಮ್ಮಲ್ಲೇ ನೋಡಬೇಕಾಯಿತು. ಮಗನಿಗೆ ತೊಡೆ ಮುರಿದಿತ್ತು. ನಾನು ಅಪ್ಪನ ಹತ್ತಿರ, ಸಿಸ್ಟರ್ ಮಗನ ಹತ್ತಿರ. ತೊಡೆಯ ಎಲುಬು ಮುರಿದರೆ ಚರ್ಮ ಹರಿಯದಿದ್ದರೂ ಒಳಗೇ ಒಂದು ಲೀಟರಿಗಿಂತ ಹೆಚ್ಚು ರಕ್ತ ಹೋಗಬಹುದು. ಕಾಲು ಎಳೆದು ಹಿಡಿದರೆ ಅದು ಕಡಿಮೆ. ಅದಕ್ಕೇ ಅವರು ಆ ಹುಡುಗನ ಪಾದ ಬಿಡಲಿಲ್ಲ. ಕರೆಂಟ್ ಹೋಯಿತು, ಬಿಡಲಿಲ್ಲ. "ನಾ ಹಿಡ್ಕಂಡಿದ್ದೆ ಡಾಕ್ಟ್ರೆ, ನೀವು ಅಲ್ಲಿ ನೋಡಿ" ಎಂದರು. ನಾನು ಹೋಗಿ ಕಾಲನ್ನು ಎಳೆದು ಹಿಡಿಯುವ ಚೌಕಟ್ಟು, ಥಾಮಸ್ ಸ್ಪ್ಲಿಂಟ್, ಕಟ್ಟುವ ತನಕ ಹಾಗೇ ಇದ್ದರು. ಆಮೇಲೂ ಮನೆಗೆ ಹೋಗಲಿಲ್ಲ. ಬೆಳಗಿನ ತನಕ ಅವನ ಬೆರಳು ಬೆಚ್ಚಗಿದೆಯಾ, ಪಾದದ ನಾಡಿ ಸಿಗುತ್ತಿದೆಯಾ ಎಂದು ನೋಡುತ್ತ ಕೂತರು.

ಅಪ್ಪ ಉಳಿಯಲಿಲ್ಲ.

ಅದನ್ನು ಮಗನಿಗೆ ಹೇಳಬೇಕಿತ್ತು. ನನಗೆ ಆಗಲಿಲ್ಲ. ಕಾರಿಡಾರಿನಲ್ಲಿ ಗೋಡೆಗೆ ಒರಗಿ ಅತ್ತೆ. ಈ ಕೆಲಸವೇ ಬೇಡ, ಊರೂ ಬೇಡ ಅನ್ನಿಸಿತ್ತು. ಸಿಸ್ಟರ್ ಬಂದು ಸಮಾಧಾನದ ಮಾತು ಏನೂ ಹೇಳಲಿಲ್ಲ. "ಮುಖ ತೊಳ್ಕಂಡು ಬನ್ನಿ, ಅವ ಕೇಳ್ತಾ ಇದ್ದಾನೆ. ನಾನೂ ಬರ್ತೆ" ಎಂದರು ಅಷ್ಟೇ. ಇಬ್ಬರೂ ಹೋದೆವು. ನಾನು ಈ ಊರಿನಲ್ಲಿ ಉಳಿದದ್ದು ಆ ಬೆಳಗಿನಿಂದ.

ಆ ಹುಡುಗ ಈಗ ತದಡಿಯಲ್ಲಿ ದೋಣಿ ನಡೆಸುತ್ತಾನೆ. ನಿವೃತ್ತಿಯ ಸುದ್ದಿ ಕೇಳಿ ಫೋನ್ ಮಾಡಿದ. ನನಗಿಂತ ಮೊದಲು ಸಿಸ್ಟರಿಗೆ ಮಾಡಿದ್ದನಂತೆ. ಅದೇ ಸರಿ.

ಹುಬ್ಬಳ್ಳಿಯ ಮೆಡಿಕಲ್ ಕಾಲೇಜು ಕೆಎಂಸಿಯ ನನ್ನ ಗುರುಗಳಿಗೆ ನಮಸ್ಕಾರ. ಆ ಸ್ಪ್ಲಿಂಟ್ ಮಾಡಿದ ಹ್ಯೂ ಓವೆನ್ ಥಾಮಸ್ ಅವರ ಮನೆತನವೇ ವೇಲ್ಸಿನಲ್ಲಿ ಎಲುಬು ಕೂರಿಸುವ ನಾಟಿ ವೈದ್ಯರದ್ದು ಎಂದು ಕ್ಲಾಸಿನಲ್ಲಿ ಹೇಳಿದವರು ಅವರು. ಮೊದಲ ಮಹಾಯುದ್ಧದಲ್ಲಿ ಎಷ್ಟೋ ಸೈನಿಕರ ಜೀವ ಉಳಿಸಿದ್ದು ಅದೇ ಸ್ಪ್ಲಿಂಟ್. ಹಾಗಾಗಿ ನಮ್ಮ ಕಡೆಯ ನಾಟಿ ವೈದ್ಯರ ಬಗ್ಗೆ ನಾನು ಹಗುರವಾಗಿ ಮಾತಾಡಲಿಲ್ಲ. ಕಟ್ಟು ಹಾಕಿದ ಮೇಲೆ ರಕ್ತ ಓಡದೆ ಬೆರಳು ತಣ್ಣಗಾದರೆ ತಡಮಾಡದೆ ನನ್ನ ಹತ್ತಿರ ಕಳಿಸಿದ ಅವರಿಗೂ ಋಣಿ. ಎಷ್ಟು ಕಾಲು ಉಳಿದವು ಅದರಿಂದ!

ಶಿರಸಿ, ಸಿದ್ದಾಪುರದಲ್ಲಿ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರನ್ನು ಹೇಗೆ ಮರೆಯಲಿ? ಕೊಳೆರೋಗಕ್ಕೆ ಔಷಧಿ ಹೊಡೆಯಲು ಮಳೆಯಲ್ಲೇ ಜಾರುವ ಅಡಿಕೆ ಮರ ಹತ್ತಿ, ಬಿದ್ದು, ಹಿಮ್ಮಡಿಯೋ ಬೆನ್ನೆಲುಬೋ ಮುರಿದುಕೊಂಡು ಬರುತ್ತಿದ್ದರು. ನೋವಿನ ಬಗ್ಗೆ ಆಮೇಲೆ, ಮೊದಲ ಪ್ರಶ್ನೆ "ಮತ್ತೆ ಮರ ಹತ್ತಬಹುದಾ" ಎಂದೇ. ಎಕ್ಸ್‌ರೇ ಚೆಂದ ಬಂದರೆ ಸಾಲದು, ಮನುಷ್ಯ ಕೆಲಸಕ್ಕೆ ಹೋಗಬೇಕು ಎಂದು ನನಗೆ ಕಲಿಸಿದ್ದು ಆ ಪ್ರಶ್ನೆ.

ಅರಿವಳಿಕೆ ಡಾಕ್ಟರು, ಫಿಸಿಯೋ ಹುಡುಗಿಯರು, ಆಂಬುಲೆನ್ಸ್ ಡ್ರೈವರುಗಳು, ಹಬ್ಬದ ಊಟ ಎಷ್ಟೋ ಸಲ ಒಬ್ಬಳೇ ಮಾಡಿದ ನನ್ನ ಹೆಂಡತಿ, ಎಲ್ಲರಿಗೂ ಕೈಮುಗಿದೆ.

ನನ್ನ ಜಾಗಕ್ಕೆ ಬರುವ ಡಾಕ್ಟರಿಗೆ ಒಂದು ಮಾತು. ಸಿಸ್ಟರಿಗೆ ಇನ್ನೂ ಸರ್ವಿಸ್ ಇದೆ. ಥಿಯೇಟರಿನಲ್ಲಿ ಅವರು "ಸ್ವಲ್ಪ ತಡೀರಿ" ಅಂದರೆ ದಯವಿಟ್ಟು ತಡೆಯಿರಿ. ಕಾಲು ಅವರ ಕೈಯಲ್ಲಿರುತ್ತದೆ, ಎಲುಬು ಕೂತಿದೆಯೋ ಇಲ್ಲವೋ ನಮಗಿಂತ ಮೊದಲು ಗೊತ್ತಾಗುವುದು ಅವರಿಗೆ.