ಮಗಳಿಗೊಂದು ಪತ್ರ: ಬೋರ್ ಮಾಡಿಸುವ ಮುಂಚೆ

ಮೈಸೂರು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ವಿಡಿಯೋ ಮೂರು ಸಲ ನೋಡಿದೆ. ಅಮೆರಿಕದ ನಿಮ್ಮ ಸಿಲ್ವರ್ ಲೇಕ್ ಹತ್ತಿರದ ಆ ಮರಳುದಿಣ್ಣೆ ಹೋದ ವರ್ಷ ನಾನು ಅಲ್ಲಿದ್ದಾಗ ನೋಡಿದ್ದಕ್ಕಿಂತ ಎತ್ತರವಾಗಿ ಕಾಣಿಸಿತು. ನಾಲ್ಕು ಚಕ್ರದ ಹೊಸ ಗಾಡಿಗಳು ಸರ್ರನೆ ಮೇಲೇರಿ ಮರೆಯಾಗುತ್ತವೆ, ಮೂರು ಚಕ್ರದ ನಿನ್ನ ಹಳೇ ಕೆಂಪು ಹೋಂಡಾ ಮುಕ್ಕಾಲು ಏರುವಷ್ಟರಲ್ಲಿ ಉಸಿರು ಸಿಕ್ಕಿಕೊಂಡ ಹಾಗೆ ನಿಂತುಬಿಡುತ್ತದೆ. ಮೂರನೇ ಸಲ ಕಣ್ಣು ಮುಚ್ಚಿ ಬರೀ ಸದ್ದು ಕೇಳಿದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಸದ್ದು ತೆಳುವಾಗಿ, ಒಣಗಿದ ಹಾಗೆ ಬರುತ್ತಿದೆ. ಬಿಟ್ಟ ಕೂಡಲೇ ಸೈಲೆನ್ಸರಿನಲ್ಲಿ ಪಟಪಟ ಅನ್ನುತ್ತದೆ. ಹೊಸ ಸೈಲೆನ್ಸರ್ ಹಾಕಿದ್ದೇನೆ ಅಂತ ಬರೆದಿದ್ದೀಯ. ಕಾರ್ಬರೇಟರಿನ ಜೆಟ್, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು, ಬದಲಾಯಿಸಿದೆಯಾ ಅನ್ನೋದನ್ನ ಮಾತ್ರ ಬರೆದಿಲ್ಲ.

ಸಿಲಿಂಡರ್ ಬೋರ್ ಮಾಡಿಸಿ, ಅಂದರೆ ಒಳಗೋಡೆ ಕೊರೆಸಿ ಅಗಲ ಮಾಡಿಸಿ, ದೊಡ್ಡ ಪಿಸ್ಟನ್ ಹಾಕಿಸಲಾ ಅಂತ ಕೇಳಿದ್ದೀಯ. ಬೇಡ, ಈಗಲೇ ಬೇಡ. ಯಾಕೆ ಅಂತ ಹೇಳುತ್ತೇನೆ.

ನೀನು ಹುಟ್ಟುವ ಮುಂಚಿನ ಮಾತು. ಆಗ ನಮ್ಮ ಗ್ಯಾರೇಜಿಗೆ ಬರುತ್ತಿದ್ದ ಗಾಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯೆಜ್ದಿ. ನಮ್ಮೂರಲ್ಲೇ ತಯಾರಾಗುತ್ತಿದ್ದ ಗಾಡಿ, ಅದರ ಸದ್ದು ಕೇಳಿಯೇ ಯಾರ ಮನೆಯ ಹುಡುಗ ಬಂದ ಅಂತ ಹೇಳಬಹುದಿತ್ತು. ಒಬ್ಬ ಕಾಲೇಜು ಹುಡುಗ ಎರಡೂ ಸೈಲೆನ್ಸರಿನೊಳಗೆ ಸದ್ದು ತಡೆಯುವ ಬ್ಯಾಫಲ್ ತೆಗೆಸಿಕೊಂಡು ಹೋದ. ತೆಗೆದುಕೊಟ್ಟವನು ನಾನೇ. ಜೆಟ್ ಮುಟ್ಟಲಿಲ್ಲ. ಮೂರನೇ ದಿನ ಶ್ರೀರಂಗಪಟ್ಟಣದ ದಾರಿಯಲ್ಲಿ ಪಿಸ್ಟನ್ ಬಿಸಿಗೆ ಸಿಲಿಂಡರಿನಲ್ಲೇ ಸಿಕ್ಕಿಕೊಂಡು (ಸೀಜ್ ಆಗಿ) ಹಿಂದಿನ ಚಕ್ರ ಹಿಡಿದುಕೊಂಡಿತು. ಹುಡುಗನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಅವತ್ತು ಅವನ ತಾಯಿ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದು ನನಗೆ ಇವತ್ತಿಗೂ ಮರೆತಿಲ್ಲ.

ಯೆಜ್ದಿ ಟೂ ಸ್ಟ್ರೋಕ್ ಎಂಜಿನ್, ನಿನ್ನದು ಫೋರ್ ಸ್ಟ್ರೋಕ್, ಅಷ್ಟು ಬೇಗ ಹಿಡಿದುಕೊಳ್ಳುವುದಿಲ್ಲ. ಆದರೆ ಸಂಗತಿ ಅದೇ. ಹೊಗೆ ಸಲೀಸಾಗಿ ಹೊರಗೆ ಹೋದರೆ ಗಾಳಿ ಹೆಚ್ಚು ಒಳಗೆ ಬರುತ್ತದೆ. ಅದಕ್ಕೆ ತಕ್ಕ ಪೆಟ್ರೋಲ್ ಸಿಗದಿದ್ದರೆ ಎಂಜಿನ್ ಬಿಸಿಯಾಗುತ್ತದೆ, ಶಕ್ತಿಯೂ ಬರುವುದಿಲ್ಲ. ಗಾಳಿಯಲ್ಲೇ ತಣಿಯಬೇಕಾದ ಎಂಜಿನ್ ಅದು. ಮರಳಿನಲ್ಲಿ ನಿಧಾನವಾಗಿ ಹತ್ತುವಾಗ ಬೀಸುವ ಗಾಳಿಯೇ ಕಮ್ಮಿ.

ಅದಕ್ಕೇ ಮೊದಲು ಸೋರಿಕೆ ನೋಡು. ಕಾರ್ಬರೇಟರಿಗೂ ಹೆಡ್ಡಿಗೂ ನಡುವಿನ ರಬ್ಬರನ್ನು ಬೆರಳಲ್ಲಿ ಬಗ್ಗಿಸಿ ನೋಡು, ನಲವತ್ತು ವರ್ಷದ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕು ಸಾಕು. ಆಮೇಲೆ ಮೇನ್ ಜೆಟ್, ಅಂದರೆ ಪೂರ್ತಿ ಆಕ್ಸಿಲರೇಟರಿನಲ್ಲಿ ಪೆಟ್ರೋಲ್ ಕೊಡುವ ಜೆಟ್, ಒಂದೊಂದೇ ನಂಬರ್ ದೊಡ್ಡದು ಹಾಕುತ್ತಾ ಹೋಗು. ಪ್ರತಿ ಸಲ ಪೂರ್ತಿ ಆಕ್ಸಿಲರೇಟರಿನಲ್ಲಿ ಒಂದು ಓಟ ಓಡಿಸಿ, ಹಾಗೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚು. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಮಸಿ ಹಿಡಿದಿದ್ದರೆ ಹೆಚ್ಚಾಯಿತು. ಬಿಸ್ಕತ್ತಿನ ಬಣ್ಣ ಬರಬೇಕು. ನಿಧಾನದ ಓಟಕ್ಕೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟನ್ನೂ ತೆಗೆದು ಬೆಳಕಿಗೆ ಹಿಡಿದು ನೋಡು. ಅಲ್ಲಿಯ ಎಥನಾಲ್ ಬೆರೆತ ಪೆಟ್ರೋಲ್ ಚಳಿಗಾಲವಿಡೀ ನಿಂತರೆ ಆ ಸಣ್ಣ ತೂತಿನಲ್ಲಿ ಅಂಟು ಕಟ್ಟುತ್ತದೆ. ನಾವಿಬ್ಬರೂ ಕೂತು ಕ್ಲೀನ್ ಮಾಡಿದ್ದು ಒಂದು ಚಳಿಗಾಲದ ಹಿಂದೆ.

ಏರ್ ಫಿಲ್ಟರಿನ ಸ್ಪಂಜಿಗೆ ಎಣ್ಣೆ ಹಾಕಿ ಹಿಂಡಿ ಹಾಕುತ್ತಿದ್ದೀಯ ತಾನೇ? ಗಾಳಿ ಹೆಚ್ಚು ಬರಲಿ ಅಂತ ಕೆಲವರು ಫಿಲ್ಟರ್ ಡಬ್ಬಿಯ ಮುಚ್ಚಳವನ್ನೇ ತೆಗೆದುಬಿಡುತ್ತಾರೆ. ಮರಳುದಿಣ್ಣೆಯಲ್ಲಿ ಆ ಕೆಲಸ ಮಾಡಬೇಡ. ಒಳಗೆ ಹೋದ ಮರಳು ಪಿಸ್ಟನ್ನಿನ ಸುತ್ತಲ ರಿಂಗನ್ನೂ ಸಿಲಿಂಡರನ್ನೂ ಉಜ್ಜಿ ತಿನ್ನುತ್ತದೆ.

ಇಷ್ಟಾದ ಮೇಲೆ ಟ್ಯಾಪೆಟ್, ಅಂದರೆ ವಾಲ್ವ್ ತುದಿಯ ಸಂದು. ಎಂಜಿನ್ ಪೂರ್ತಿ ತಣ್ಣಗಿರುವಾಗ, ಫ್ಲೈವೀಲಿನ ಗುರುತು ಸರಿಯಾಗಿ ಕೂಡಿಸಿ, ಮ್ಯಾನುಯಲ್‌ನಲ್ಲಿರುವ ಅಳತೆಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕು. ಟ್ಯಾಪೆಟ್ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಲ್ಲೇ ಸೋರಿಹೋಗುತ್ತದೆ. ಕಂಪ್ರೆಷನ್ ಗೇಜ್ ಹಾಕುವಾಗ ಆಕ್ಸಿಲರೇಟರ್ ಪೂರ್ತಿ ತೆರೆದಿಟ್ಟು, ಮುಳ್ಳು ಮೇಲೇರುವುದು ನಿಲ್ಲುವವರೆಗೆ ಕಿಕ್ ಹೊಡಿ. ಲೆಕ್ಕ ಬರೆದಿಟ್ಟುಕೋ. ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಇನ್ನೊಂದು ಸಲ ನೋಡು. ಮುಳ್ಳು ಚೆನ್ನಾಗಿ ಮೇಲೇರಿದರೆ ರಿಂಗ್ ಸವೆದಿದೆ ಅಂತ. ಏರದೇ ಇದ್ದರೆ ವಾಲ್ವ್ ಕಡೆ ಗಮನ ಕೊಡು.

ರಿಂಗ್ ಹೋಗಿದ್ದರೆ ಬೋರ್ ಮಾಡಿಸಲೇಬೇಕು, ಅದು ಬೇರೆ ಮಾತು. ಶಕ್ತಿ ಹೆಚ್ಚಲಿ ಅಂತ ಮಾತ್ರ ಮಾಡಿಸುವುದಾದರೆ ಲೆಕ್ಕ ನೋಡು. ನಿನ್ನ 1984ರ ಹೋಂಡಾ ಎಟಿಸಿ 200ಎಕ್ಸ್‌ನ ಬೋರ್ (ಸಿಲಿಂಡರಿನ ಅಗಲ) 65 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 57.8. ಹೆಸರಲ್ಲಿ 200 ಇದ್ದರೂ ನಿಜವಾಗಿ 192 ಸಿಸಿ. ಒಂದು ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿದರೆ ಸಿಗುವುದು ಆರು ಸಿಸಿ, ನೂರಕ್ಕೆ ಮೂರು ಪಾಲು. ಈಗ ಜೆಟ್ಟಿನಲ್ಲಿ, ಟ್ಯಾಪೆಟ್ಟಿನಲ್ಲಿ ನೀನು ಕಳೆದುಕೊಳ್ಳುತ್ತಿರುವುದು ಅದಕ್ಕಿಂತ ಎಷ್ಟೋ ಹೆಚ್ಚು. ಹೆಚ್ಚಿನ ಕಂಪ್ರೆಷನ್ನಿನ ಪಿಸ್ಟನ್ ಹಾಕಿದರೆ ಗುಣ ಗೊತ್ತಾಗುತ್ತದೆ, ಆದರೆ ಆಮೇಲೆ ಮಾಮೂಲಿ ಪೆಟ್ರೋಲಿನಲ್ಲಿ ನಾಕಿಂಗ್, ಅಂದರೆ ಎಂಜಿನ್ನಿನೊಳಗೆ ಟಕಟಕ ಬಡಿತ, ಬರುತ್ತದೆ.

ದಿಣ್ಣೆ ಹತ್ತುವುದಕ್ಕೆ ಎಲ್ಲಕ್ಕಿಂತ ಅಗ್ಗದ ದಾರಿ ಸ್ಪ್ರಾಕೆಟ್, ಅಂದರೆ ಚೈನಿನ ಹಲ್ಲುಚಕ್ರ. ಮುಂದಿನದರಲ್ಲಿ 13 ಹಲ್ಲಿದ್ದು 12ರದ್ದು ಹಾಕಿದರೆ ಚಕ್ರಕ್ಕೆ ಸಿಗುವ ಎಳೆತ ನೂರಕ್ಕೆ ಎಂಟರಷ್ಟು ಹೆಚ್ಚುತ್ತದೆ. ಟಾಪ್ ಸ್ಪೀಡು ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ಎತ್ತರದ ಟೈರ್ ಹಾಕಿದರೆ ಇದಕ್ಕೆ ತದ್ವಿರುದ್ಧ, ಅದನ್ನು ಮರೆಯಬೇಡ. ಪಿಕಪ್ಪೂ ಬೇಕು, ಟಾಪ್ ಸ್ಪೀಡೂ ಬೇಕು ಅಂದರೆ ಒಂದೇ ಸ್ಪ್ರಾಕೆಟ್ ಎರಡನ್ನೂ ಕೊಡುವುದಿಲ್ಲ.

ಟಾಪ್ ಸ್ಪೀಡಿನ ಆಸೆ ಬಿಡು ಅಂತ ಅಪ್ಪನಾಗಿ ಕೇಳಿಕೊಳ್ಳುತ್ತೇನೆ, ಮೆಕ್ಯಾನಿಕ್ ಆಗಿಯೂ ಹೇಳುತ್ತೇನೆ. ವೇಗ ನೂರಕ್ಕೆ ಹತ್ತು ಹೆಚ್ಚಾಗಬೇಕಾದರೆ ಎದುರುಗಾಳಿಯನ್ನು ಸೀಳುವುದಕ್ಕೇ ಮೂರನೇ ಒಂದು ಪಾಲು ಹೆಚ್ಚು ಶಕ್ತಿ ಬೇಕು. ಅಷ್ಟು ಶಕ್ತಿ ಆ ಎಂಜಿನ್ನಿನಿಂದ ಹಿಂಡಿದರೂ ಕೆಳಗಿರುವುದು ಮೂರೇ ಚಕ್ರ.

1970ರಲ್ಲಿ ಹೋಂಡಾ ಮೊದಲು ಇಂಥ ಗಾಡಿ ಮಾರಿದ್ದು ಚಳಿಗಾಲದಲ್ಲಿ ಬೈಕ್ ವ್ಯಾಪಾರ ಬಿದ್ದುಹೋಗುತ್ತದೆ, ಆಗ ಮಾರುವುದಕ್ಕೆ ಏನಾದರೂ ಬೇಕು ಅಂತ. ತಕೆಯುಚಿ ಅನ್ನೋ ಎಂಜಿನಿಯರ್ ಬಲೂನಿನಂಥ ಟೈರ್ ಹಾಕಿ ಅದನ್ನು ರೂಪಿಸಿದರು. ಆಮೇಲೆ ಎಂಜಿನ್ ದೊಡ್ಡದಾಗುತ್ತಾ ಹೋಯಿತು, ಮಗುಚಿಬಿದ್ದು ಸತ್ತವರಲ್ಲಿ ಮಕ್ಕಳೂ ಬಹಳ ಇದ್ದರು. 1988ರಲ್ಲಿ ಕಂಪನಿಗಳು ಅಮೆರಿಕ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಮೂರು ಚಕ್ರದ ಹೊಸ ಗಾಡಿ ಮಾರುವುದನ್ನೇ ನಿಲ್ಲಿಸಿದವು. ನಿನ್ನ ಗಾಡಿಗೆ ಪಾರ್ಟ್ಸ್ ಹುಡುಕುವುದು ಕಷ್ಟವಾಗಿರೋದಕ್ಕೆ ಅದೂ ಒಂದು ಕಾರಣ.

ಹಿಂದಿನ ಎರಡು ಚಕ್ರಕ್ಕೂ ಒಂದೇ ಆಕ್ಸಲ್, ನಡುವೆ ಎರಡು ಚಕ್ರವನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಒಳಗಿನ ಚಕ್ರ ಜಾರಲೇಬೇಕು. ಹ್ಯಾಂಡಲ್ ಮಾತ್ರ ತಿರುಗಿಸಿದರೆ ಅದು ನೆಟ್ಟಗೇ ಹೋಗುತ್ತದೆ. ಮೈ ಒಳಗಡೆಗೆ ವಾಲಿಸಿ, ಭಾರವನ್ನು ಹೊರಗಿನ ಫುಟ್‌ರೆಸ್ಟ್ ಮೇಲೆ ಒತ್ತಬೇಕು. ಹಿಂದಿನ ಟೈರುಗಳ ಗಾಳಿ ಎರಡರಲ್ಲೂ ಒಂದೇ ಸಮ ಇರಲಿ. ಬರೀ ಎರಡು ಮೂರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವ ಕಡೆ ಅರ್ಧ ಹೆಚ್ಚುಕಮ್ಮಿಯಾದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಕಾರಿನ ಗೇಜಿನಲ್ಲಿ ಅದು ಗೊತ್ತಾಗುವುದಿಲ್ಲ, ಕಡಿಮೆ ಒತ್ತಡದ ಗೇಜನ್ನೇ ಕೊಂಡುಕೋ.

ಇನ್ನೊಂದು ಮಾತು, ಇದನ್ನು ಓದುವಾಗ ದಯವಿಟ್ಟು ನಿಧಾನಿಸು. ವಿಡಿಯೋದ ಕೊನೆಯಲ್ಲಿ ಗಾಡಿ ವಾಲಿದಾಗ ನೀನು ಎಡಗಾಲು ಕೆಳಗೆ ಕೊಟ್ಟೆ. ಅದು ನಾನೇ ಕಲಿಸಿದ ಅಭ್ಯಾಸ. ಕೆಸರಿನಲ್ಲಿ ಯೆಜ್ದಿ ಜಾರಿದರೆ ಕಾಲು ಕೊಡು ಅಂತ ಹೇಳಿಕೊಟ್ಟವನು ನಾನೇ. ಮೂರು ಚಕ್ರದ ಗಾಡಿಯಲ್ಲಿ ಕಾಲು ಕೆಳಗಿಟ್ಟರೆ ಹಿಂದಿನ ಚಕ್ರ ಆ ಕಾಲಿನ ಮೇಲೇ ಹತ್ತಿ ನಿನ್ನನ್ನು ಕೆಳಗೆಳೆಯುತ್ತದೆ. ನಾನು ಕಲಿಸಿದ್ದನ್ನು ಮರೆತುಬಿಡು ಕಣಮ್ಮ. ಏನೇ ಆಗಲಿ, ಕಾಲು ಫುಟ್‌ರೆಸ್ಟ್ ಮೇಲೇ ಇರಲಿ. ನಿಮ್ಮಮ್ಮ ಆ ಕ್ಷಣವನ್ನು ನೋಡಲಿಲ್ಲ, ನಾನೂ ತೋರಿಸಲಿಲ್ಲ.

ಸೈಲೆನ್ಸರಿಗೆ ಕೊಟ್ಟ ದುಡ್ಡಿನಲ್ಲಿ ಏನಾದರೂ ಉಳಿದಿದ್ದರೆ ಬ್ರೇಕ್ ಪ್ಯಾಡ್ ತರಿಸು. ಮುಂದಿನ ಬ್ರೇಕಿನ ಆಯಿಲ್ ಬದಲಾಯಿಸಿ, ಗಾಳಿ ತೆಗೆದು, ಲಿವರ್ ಗಟ್ಟಿಯಾಗುವವರೆಗೆ ಬೇರೆ ಯಾವ ಕೆಲಸವೂ ಬೇಡ.

ಶನಿವಾರ ಕಂಪ್ರೆಷನ್ನಿನ ಎರಡು ಲೆಕ್ಕವನ್ನೂ ಕಳಿಸು, ಆಯಿಲ್ ಹಾಕುವ ಮುಂಚಿನದು ಒಂದು, ಹಾಕಿದ ಮೇಲಿನದು ಒಂದು. ಈಗ ಕಾರ್ಬರೇಟರಿನಲ್ಲಿರುವ ಮೇನ್ ಜೆಟ್ಟಿನ ನಂಬರೂ ಬೇಕು. ಪ್ಲಗ್ಗಿನ ಫೋಟೋ ಹಗಲಿನ ಬೆಳಕಿನಲ್ಲಿ ತೆಗಿ, ಟ್ಯೂಬ್‌ಲೈಟಿನಲ್ಲಿ ಬಣ್ಣ ತಿಳಿಯುವುದಿಲ್ಲ. ಎಷ್ಟು ಹೊತ್ತಾದರೂ ಫೋನ್ ಮಾಡು, ಎದ್ದಿರುತ್ತೇನೆ.

ನಿನ್ನ
ಅಪ್ಪ